ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಭಾನುವಾರ ಬೆಳಿಗ್ಗೆ ನಾಲ್ವರು ಗೆಳೆಯರು ಸೇರಿ ಆಡುವ ಗಾಲ್ಫ್‌ನಲ್ಲಿ ಎರಡು ಸವಲತ್ತುಗಳಿರುತ್ತವೆ. ಮೊದಲ ಟೀಯಿಂದ ಹೊಡೆದ ಚೆಂಡು ಮರಗಳ ನಡುವೆ ಮಾಯವಾದರೆ ಇನ್ನೊಂದು ಚೆಂಡು ಇಟ್ಟು ಮತ್ತೆ ಹೊಡೆಯಬಹುದು, ಅದು ಮಲ್ಲಿಗನ್. ಗ್ರೀನ್ ಮೇಲೆ ಚೆಂಡು ಕುಳಿಯಿಂದ ಎರಡು ಮೂರು ಅಡಿ ದೂರ ನಿಂತರೆ ‘ಗಿಮ್ಮಿ, ಎತ್ಕೊಳ್ಳಿ’ ಎಂದು ಜೊತೆಯವರು ಕೈಬೀಸುತ್ತಾರೆ. ಹೊಡೆಯದಿದ್ದರೂ ಆ ಪಟ್ ಒಳಗೆ ಹೋದ ಹಾಗೆಯೇ. ಮಲ್ಲಿಗನ್‌ಗೆ ನಿಯಮ ಪುಸ್ತಕದಲ್ಲಿ ಜಾಗವೇ ಇಲ್ಲ, ಹೊಡೆತ ಬಿಟ್ಟುಕೊಡುವುದಕ್ಕೆ ಒಂದೊಂದು ಕುಳಿಯ ಗೆಲುವು ಸೋಲು ಎಣಿಸುವ ಮ್ಯಾಚ್ ಪ್ಲೇನಲ್ಲಿ ಮಾತ್ರ ಅವಕಾಶ. ಅದೇ ನಾಲ್ವರು ಅದೇ ಮೈದಾನದಲ್ಲಿ ಒಟ್ಟು ಹೊಡೆತಗಳನ್ನು ಎಣಿಸುವ ಮಂತ್ಲಿ ಮೆಡಲ್ ಪಂದ್ಯಕ್ಕೆ ಹೆಸರು ಕೊಟ್ಟ ದಿನ ಎರಡೂ ಸವಲತ್ತು ರದ್ದು. ಗಾಳಿಯಲ್ಲಿ ಬೀಸಿ ಚೆಂಡಿಗೆ ತಾಗದೆ ಹೋದರೂ ಅದು ಒಂದು ಹೊಡೆತ. ಪ್ರತಿ ಚೆಂಡೂ ಕುಳಿಯೊಳಗೆ ಬೀಳಲೇಬೇಕು. ಸ್ಟಾರ್ಟರ್ ಹೆಸರು ಕರೆದ ಕೂಡಲೇ ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಟೀ ಮೇಲೆ ಚೆಂಡು ಕೂರಿಸಲು ಹೋದ ಬೆರಳು ನಡುಗುತ್ತದೆ.

ಇದು ಹೊಟ್ಟೆಪಾಡಿನ ಆಟವಲ್ಲ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಾಗಲಿ, ಮೈಸೂರು, ಚಿಕ್ಕಮಗಳೂರಿನ ಮೈದಾನಗಳಲ್ಲಾಗಲಿ, ಹವ್ಯಾಸಕ್ಕೆಂದು ಆಡುವವರು ಗೆದ್ದರೆ ಒಂದು ಕಪ್ಪು, ಸೋತರೆ ಎಂದಿನಂತೆ ಒಂದು ಕಪ್ ಕಾಫಿ. ಆಡುವವರಾದರೂ ಯಾರು? ಗಂಟೆಗಟ್ಟಲೆ ನಿಂತು ಹೃದಯದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು, ತುಂಬಿದ ಕೋರ್ಟಿನಲ್ಲಿ ವಾದ ಮಂಡಿಸುವ ವಕೀಲರು, ಒಂದು ಮಳೆ ತಪ್ಪಿದರೆ ವರ್ಷದ ಫಸಲೇ ಹೋದೀತೆಂದು ಗೊತ್ತಿದ್ದೂ ನೆಮ್ಮದಿಯಾಗಿ ನಿದ್ದೆ ಮಾಡುವ ಪ್ಲಾಂಟರುಗಳು. ಜೀವ ಉಳಿಸುವ ಕತ್ತರಿ ಹಿಡಿದಾಗ ನಡುಗದ ಕೈ ಮೂರಡಿಯ ಪಟ್ ಮುಂದೆ ಯಾಕೆ ನಡುಗುತ್ತದೆ? ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ ಇದು.

ಒಂದು ಉತ್ತರ ಆಟದ ರಚನೆಯಲ್ಲೇ ಇದೆ. ಕ್ರಿಕೆಟ್ಟಿನಲ್ಲಿ, ಟೆನಿಸ್ಸಿನಲ್ಲಿ ಚೆಂಡು ನಮ್ಮತ್ತ ನುಗ್ಗಿ ಬರುತ್ತದೆ; ಯೋಚಿಸಲು ಪುರಸೊತ್ತಿಲ್ಲ. ಗಾಲ್ಫ್ ಚೆಂಡು ನಾವು ಹೊಡೆಯುವ ತನಕ ನಿಂತಲ್ಲೇ ನಿಂತಿರುತ್ತದೆ. ಒಂದು ಸುತ್ತಿನಲ್ಲಿ ತೊಂಬತ್ತು ಹೊಡೆತ, ಒಂದೊಂದಕ್ಕೆ ಎರಡು ಸೆಕೆಂಡು ಹಿಡಿದರೂ ನಿಜವಾದ ಆಟ ಮೂರು ನಿಮಿಷದ್ದು. ಉಳಿದ ನಾಲ್ಕು ಗಂಟೆ ನಡಿಗೆ, ಕಾಯುವಿಕೆ, ಮತ್ತು ತನ್ನ ಬಗ್ಗೆಯೇ ಯೋಚನೆ. ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ವೈದ್ಯರ ಗಮನವೆಲ್ಲ ರೋಗಿಯ ಮೇಲೆ. ಗ್ರೀನ್ ಮೇಲೆ ನಿಂತಾಗ ಅವರ ಎದುರು ತಾವೊಬ್ಬರೇ.

ಇನ್ನೊಂದು ಉತ್ತರ ಹ್ಯಾಂಡಿಕ್ಯಾಪ್‌ನಲ್ಲಿದೆ. ಅದು ಆಟಗಾರನ ಮಟ್ಟ ಹೇಳುವ ಅಂಕಿ. ಆಟಗಾರ ತನ್ನನ್ನು ‘ನಾನು ಹದಿನೆಂಟರವನು’, ‘ನಾನು ಹನ್ನೆರಡರವನು’ ಎಂದು ಆ ಅಂಕಿಯಿಂದಲೇ ಗುರುತಿಸಿಕೊಳ್ಳುತ್ತಾನೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ರ ಸರಾಸರಿ ತೆಗೆಯುತ್ತಾರೆ. ಉಳಿದ 12 ಸುತ್ತುಗಳು ಲೆಕ್ಕದ ಹೊರಗೆ. ಅಂದರೆ ಆ ಅಂಕಿ ನಮ್ಮ ಒಳ್ಳೆಯ ದಿನಗಳ ಚಿತ್ರ. ಹೆಚ್ಚಿನ ದಿನಗಳಲ್ಲಿ ನಾವು ಅದಕ್ಕಿಂತ ಕಳಪೆಯಾಗಿಯೇ ಆಡುತ್ತೇವೆ. ಅದರ ಮೇಲೆ ಭಾನುವಾರದ ಗಿಮ್ಮಿಗಳೂ ಮಲ್ಲಿಗನ್‌ಗಳೂ ಸೇರಿ ಮನಸ್ಸಿನಲ್ಲಿ ಇನ್ನಷ್ಟು ಸುಂದರವಾದ ಒಬ್ಬ ಆಟಗಾರನನ್ನು ಕಟ್ಟಿರುತ್ತವೆ. ಪಂದ್ಯದ ದಿನ ನಮ್ಮ ಹೊಡೆತಗಳನ್ನು ಬರೆದುಕೊಳ್ಳುವ ಮಾರ್ಕರ್ ಹಿಡಿದ ಪೆನ್ಸಿಲ್ ಆ ಕಲ್ಪನೆಯ ಆಟಗಾರನಿಗೆ ಅಪಾಯ. ನಡುಕ ಹುಟ್ಟುವುದು ಅಲ್ಲಿ ಎಂದು ನನಗನ್ನಿಸುತ್ತದೆ: ನಾನು ನಂಬಿಕೊಂಡ ನನಗೂ ಕಾರ್ಡ್ ಮೇಲೆ ದಾಖಲಾಗಲಿರುವ ನನಗೂ ನಡುವಿನ ಅಂತರದಲ್ಲಿ.

ಹವ್ಯಾಸಿ ಗಾಲ್ಫ್‌ನ ಚರಿತ್ರೆಯಲ್ಲಿ ಈ ಅಂತರವನ್ನು ಮೈಯಲ್ಲೇ ಅನುಭವಿಸಿದವರು ಅಮೆರಿಕದ ಬಾಬಿ ಜೋನ್ಸ್. ಅಟ್ಲಾಂಟಾದಲ್ಲಿ 1902ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ವಕೀಲರು. ಸ್ಪರ್ಧೆಗೆ ಇಳಿದಷ್ಟು ಕಾಲವೂ ಹವ್ಯಾಸಿಯಾಗಿಯೇ ಉಳಿದರು. 1930ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಓಪನ್, ಅಮೆಚೂರ್ ಪಂದ್ಯಾವಳಿಗಳನ್ನು, ನಾಲ್ಕನ್ನೂ ಒಂದೇ ವರ್ಷ ಗೆದ್ದು 28ನೇ ವಯಸ್ಸಿಗೆ ಸ್ಪರ್ಧೆಯಿಂದ ನಿವೃತ್ತರಾದರು. ಇಷ್ಟು ಗೆದ್ದವರಿಗೆ ಎದೆಗಟ್ಟಿ ಎಂದುಕೊಳ್ಳುತ್ತೇವೆ. ಆದರೆ ಪಂದ್ಯದ ದಿನಗಳಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ಚಾಂಪಿಯನ್‌ಶಿಪ್ ಮುಗಿಯುವಷ್ಟರಲ್ಲಿ ಹಲವು ಕಿಲೋ ತೂಕ ಇಳಿದಿರುತ್ತಿತ್ತು. ಗೆಲುವುಗಳು ಕೂಡುತ್ತ ಹೋದವು, ಹೊಟ್ಟೆಯ ತಳಮಳ ಮಾತ್ರ ಹಾಗೇ ಉಳಿಯಿತು.

ಬದಲಾದದ್ದು ಬೇರೊಂದು. 1921ರಲ್ಲಿ, 19ನೇ ವಯಸ್ಸಿನಲ್ಲಿ, ಅವರು ಸೇಂಟ್ ಆಂಡ್ರ್ಯೂಸ್‌ನಲ್ಲಿ ಬ್ರಿಟಿಷ್ ಓಪನ್ ಆಡುತ್ತಿದ್ದರು. ಮೂರನೆಯ ಸುತ್ತು ಕೆಟ್ಟಿತ್ತು. ಹನ್ನೊಂದನೆಯ ಕುಳಿಯ ಬಂಕರ್‌ನಲ್ಲಿ ಹೊಡೆತದ ಮೇಲೆ ಹೊಡೆತ ವ್ಯರ್ಥವಾದಾಗ ಆಟವನ್ನೇ ಕೈಬಿಟ್ಟರು. ಮುಂದೆ 1925ರಲ್ಲಿ ವೂಸ್ಟರ್ ಎಂಬಲ್ಲಿ ಅಮೆರಿಕನ್ ಓಪನ್. ಮೊದಲ ಸುತ್ತಿನಲ್ಲಿ ಎತ್ತರದ ಹುಲ್ಲಿನಲ್ಲಿದ್ದ ಚೆಂಡಿಗೆ ಕ್ಲಬ್ ಇಡುವಾಗ ಚೆಂಡು ಒಂದಿಷ್ಟು ಅಲುಗಿತು. ಅದನ್ನು ಕಂಡವರು ಇನ್ನೊಬ್ಬರಿರಲಿಲ್ಲ. ಅಧಿಕಾರಿಗಳು ವಿಚಾರಿಸಿದಾಗಲೂ ಜೋನ್ಸ್ ಪಟ್ಟು ಸಡಿಲಿಸದೆ ತಮ್ಮ ಮೇಲೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. 72 ಕುಳಿಗಳು ಮುಗಿದಾಗ ಅವರೂ ವಿಲ್ಲಿ ಮ್ಯಾಕ್‌ಫರ್ಲೇನ್ ಅವರೂ ಸಮ. ಪ್ಲೇಆಫ್ 36 ಕುಳಿಗಳವರೆಗೆ ಎಳೆಯಿತು, ಜೋನ್ಸ್ ಒಂದು ಹೊಡೆತದಿಂದ ಸೋತರು. ಆ ಒಂದು ಹೊಡೆತವನ್ನು ಬರೆಸದಿದ್ದರೆ ಪ್ಲೇಆಫ್ ಇಲ್ಲದೆಯೇ ಅವರು ಚಾಂಪಿಯನ್.

ಈ ಘಟನೆಯನ್ನು ಸಾಮಾನ್ಯವಾಗಿ ಪ್ರಾಮಾಣಿಕತೆಯ ಪಾಠವಾಗಿ ಹೇಳುತ್ತಾರೆ. ನಾನು ಇದನ್ನು ಒತ್ತಡದ ಪಾಠವಾಗಿಯೂ ಓದುತ್ತೇನೆ. 1921ರ ಹುಡುಗನಿಗೆ ಕೆಟ್ಟ ಅಂಕಿಯೊಂದು ತನ್ನ ಹೆಸರಿನ ಮುಂದೆ ಕೂರುವುದನ್ನು ಸಹಿಸಲಾಗಲಿಲ್ಲ. ಅಂಕಿಯಿಂದ ತಪ್ಪಿಸಿಕೊಳ್ಳಲು ಆಟವನ್ನೇ ಬಿಟ್ಟ. ನಾಲ್ಕು ವರ್ಷಗಳ ನಂತರ ಅದೇ ಮನುಷ್ಯ ಯಾರಿಗೂ ಕಾಣದ ಅಂಕಿಯನ್ನು ತಾನಾಗಿ ಕೇಳಿ ಬರೆಸಿದ. ನಡುವೆ ಅವರು ಒಂದನ್ನು ಕಲಿತಿದ್ದರು: ಎದುರಾಳಿಯ ಮುಖ ನೋಡಿ ಆಡುವುದನ್ನು ಬಿಟ್ಟು ಕುಳಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ, ಅಂದರೆ ಪಾರ್ ಜೊತೆ ಆಡುವುದು. ಪಾರ್‌ಗೆ ಹುಮ್ಮಸ್ಸೂ ಇಲ್ಲ, ಹತಾಶೆಯೂ ಇಲ್ಲ. ಅದು ಎಲ್ಲರಿಗೂ ಒಂದೇ. ಲೆಕ್ಕದೊಡನೆ ರಾಜಿಯಾದವನಿಗೆ ನಡುಕ ಬಂದರೂ ಅದು ಅವನನ್ನು ಓಡಿಸಲಾರದು. 1927ರಲ್ಲಿ ಅದೇ ಸೇಂಟ್ ಆಂಡ್ರ್ಯೂಸ್‌ನಲ್ಲಿ ಜೋನ್ಸ್ ಬ್ರಿಟಿಷ್ ಓಪನ್ ಗೆದ್ದರು.

ಅಮೆರಿಕದ ಲೇಖಕ ಸ್ಟೀವನ್ ಪ್ರೆಸ್‌ಫೀಲ್ಡ್ 1995ರಲ್ಲಿ ‘ದಿ ಲೆಜೆಂಡ್ ಆಫ್ ಬ್ಯಾಗರ್ ವಾನ್ಸ್’ ಎಂಬ ಕಾದಂಬರಿ ಬರೆದರು. ಅದರಲ್ಲಿ ಜೋನ್ಸ್ ಎದುರು ಆಡಬೇಕಾದ ಜುನಾ ಎಂಬ ಆಟಗಾರನೂ ಅವನ ಕ್ಲಬ್ಬುಗಳ ಚೀಲ ಹೊರುವ ಕ್ಯಾಡಿ ಬ್ಯಾಗರ್ ವಾನ್ಸನೂ ಅರ್ಜುನ ಮತ್ತು ಭಗವಾನ್ ಕೃಷ್ಣನ ನೆರಳಲ್ಲಿ ರೂಪುಗೊಂಡವರು. ಗಾಲ್ಫ್ ಕಥೆಗೆ ಗೀತೆಯ ಚೌಕಟ್ಟು ಒಗ್ಗಿದ್ದು ಆಶ್ಚರ್ಯವಲ್ಲ. ಗೀತೆ ಶುರುವಾಗುವುದೇ ನುರಿತ ಬಿಲ್ಲುಗಾರನೊಬ್ಬನ ಕೈಕಾಲು ಸೋಲುವುದರಿಂದ: ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ. ಆಗ ಕೃಷ್ಣ ಮೊದಲು ಹೇಳುವುದು ನಾವೆಲ್ಲ ಹೇಳುವ ಮಾತನ್ನೇ: ಈ ದೌರ್ಬಲ್ಯ ನಿನಗೆ ತಕ್ಕದ್ದಲ್ಲ, ಎದ್ದೇಳು. ಆ ಮಾತಿಗೆ ಅರ್ಜುನ ಏಳಲಿಲ್ಲ. ಯುದ್ಧ ಮಾಡುವುದಿಲ್ಲ ಎಂದು ಸುಮ್ಮನಾದ. ಹುರಿದುಂಬಿಸುವ ಮಾತು ಸೋತ ಮೇಲೆಯೇ ಉಪದೇಶ ಆರಂಭವಾಯಿತು. ‘ಹೆದರಬೇಡ’ ಎನ್ನುವುದರಿಂದ ಹೆದರಿಕೆ ಹೋಗುವ ಹಾಗಿದ್ದರೆ ಗೀತೆ ಒಂದೆರಡು ಶ್ಲೋಕಗಳಲ್ಲಿ ಮುಗಿಯುತ್ತಿತ್ತು.

ಗಾಲ್ಫ್ ಕ್ಯಾಡಿಗಳಿಗೆ ಇದು ಚೆನ್ನಾಗಿ ಗೊತ್ತು. ಒಂದು ಮೆಡಲ್ ಪಂದ್ಯದಲ್ಲಿ ನಾನು ಹಿರಿಯರೊಬ್ಬರಿಗೆ ಮಾರ್ಕರ್ ಆಗಿದ್ದೆ. ನಿವೃತ್ತರಾದ ಮೇಲೆ ಆಟ ಕಲಿತವರು. ಹದಿನೆಂಟನೆಯ ಗ್ರೀನ್‌ನಲ್ಲಿ ಅವರಿಗೆ ಉಳಿದದ್ದು ಮೂರಡಿಯ ಪಟ್. ಅದು ಒಳಗೆ ಹೋದರೆ ಪಂದ್ಯವೊಂದರಲ್ಲಿ ಮೊದಲ ಬಾರಿಗೆ ತೊಂಬತ್ತರ ಒಳಗೆ. ಪಟರ್ ಹಿಡಿದ ಬೆರಳುಗಳ ಗೆಣ್ಣು ಬಿಳಿಚಿತ್ತು. ಕುಳಿ ನೋಡುತ್ತಾರೆ, ಚೆಂಡು ನೋಡುತ್ತಾರೆ, ಮತ್ತೆ ಕುಳಿ. ಕೊನೆಗೆ ಹಿಂದೆ ಸರಿದು ಕ್ಯಾಡಿಯನ್ನು ಕೇಳಿದರು:

‘ಏನಪ್ಪಾ, ಲೈನು?’

‘ಎಡಗಡೆ ಅಂಚು ಸರ್, ಒಳಗೇ. ನೀವು ಬಾಲ್ ನೋಡಿ ಸರ್, ಹೋಲ್ ನಾನ್ ನೋಡ್ಕೋತೀನಿ.’

ಹಿರಿಯರ ಭುಜ ಇಳಿಯಿತು. ಉಸಿರು ಹೊರಬಿಟ್ಟರು, ಚೆಂಡಿನ ಹಿಂಬದಿಯ ಮೇಲೆ ಕಣ್ಣು ನೆಟ್ಟರು, ಹೊಡೆದರು. ಚೆಂಡು ಕುಳಿಯ ಅಂಚಿನಲ್ಲಿ ಅರ್ಧ ಸುತ್ತು ಹಾಕಿ ಹೊರಗೇ ನಿಂತಿತು. ಅದನ್ನು ತಟ್ಟಿ ಒಳಗೆ ಹಾಕಿ, ನಾನು ಕೇಳುವ ಮೊದಲೇ ‘ಆರು’ ಎಂದರು. ದನಿ ಸ್ಪಷ್ಟವಾಗಿತ್ತು. ನನ್ನ ಕಣ್ಣಿಗೆ ಅವತ್ತು ಒತ್ತಡವನ್ನು ಗೆದ್ದವರು ಅವರೇ. ಹೊಡೆತ ಹೊಡೆತದಂತಿತ್ತು, ಲೆಕ್ಕ ಲೆಕ್ಕದಂತಿತ್ತು. ಚೆಂಡು 43 ಮಿಲಿಮೀಟರಿಗೂ ಚಿಕ್ಕದು, ಕುಳಿ 108 ಮಿಲಿಮೀಟರ್ ಅಗಲ. ಅಷ್ಟಾದರೂ ಹುಲ್ಲಿನ ಏರುತಗ್ಗು ಯಾರ ಮಾತನ್ನೂ ಕೇಳುವುದಿಲ್ಲ.

ಆ ಕ್ಯಾಡಿಯ ಮಾತಿಗೆ ಪ್ರಯೋಗಾಲಯದ ಬೆಂಬಲವೂ ಇದೆ. ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ ಗಾಲ್ಫ್ ಆಟಗಾರರ ಕಣ್ಣಿನ ಚಲನೆ ಅಳೆದು 1992ರಲ್ಲಿ ತೋರಿಸಿದ್ದು ಇದನ್ನೇ: ಪಟ್ ಹೊಡೆಯುವ ಮುನ್ನ ನುರಿತವರ ನೋಟ ಚೆಂಡಿನ ಮೇಲೆ ನೆಲೆ ನಿಲ್ಲುತ್ತದೆ, ಕಡಿಮೆ ನುರಿತವರ ಕಣ್ಣು ಅಲೆದಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಪಟ್ಟಿಂಗ್ ಪ್ರಯೋಗಗಳಲ್ಲಿ ಕಂಡದ್ದು ಇನ್ನೂ ಕುತೂಹಲದ್ದು. ಹೊಸಬರಿಗೆ ತಮ್ಮ ಕೈಚಲನೆಯ ಮೇಲೆ ಗಮನವಿಟ್ಟರೆ ಅನುಕೂಲ; ಪಳಗಿದವರು ಹಾಗೆ ಗಮನವಿಟ್ಟರೆ ಆಟ ಕೆಡುತ್ತದೆ. ಕೈಗೆ ಬಂದ ವಿದ್ಯೆಯನ್ನು ಬುದ್ಧಿ ಬಿಡಿಬಿಡಿಯಾಗಿ ಪರೀಕ್ಷಿಸಲು ಹೊರಟಾಗ ವಿದ್ಯೆ ಕೈಕೊಡುತ್ತದೆ. ಒತ್ತಡ ಮಾಡುವುದು ಇದನ್ನೇ: ನಮ್ಮ ಕಣ್ಣನ್ನು ನಮ್ಮ ಕಡೆಗೇ ತಿರುಗಿಸುತ್ತದೆ.

ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಹಾರದ ಸುಳಿವೂ ಇದೆ. ಒಂದು ಗುಂಪು ಮೊದಲಿನಿಂದಲೂ ವಿಡಿಯೊ ಕ್ಯಾಮೆರಾದ ಎದುರು ಅಭ್ಯಾಸ ಮಾಡಿತು. ಮುಂದೆ ಒತ್ತಡದ ಪರೀಕ್ಷೆ ಬಂದಾಗ ಉಳಿದವರಂತೆ ಆ ಗುಂಪು ಕುಸಿಯಲಿಲ್ಲ. ಯಾರೋ ನೋಡುತ್ತಿದ್ದಾರೆ ಎಂಬುದು ಅವರಿಗೆ ಆಗಲೇ ಅಭ್ಯಾಸವಾಗಿತ್ತು.

ಪಂದ್ಯಕ್ಕೆ ತಯಾರಿ ಎಂದರೆ ಏನು ಎಂಬುದು ಇಲ್ಲಿಂದ ಸ್ಪಷ್ಟವಾಗುತ್ತದೆ. ಭಾನುವಾರದ ಆಟದಲ್ಲೇ ಗಿಮ್ಮಿ ಬಿಡಬೇಕು. ಮೂರಡಿಯ ಪಟ್ ಅನ್ನು ವರ್ಷವಿಡೀ ಎತ್ತಿಕೊಂಡವನಿಗೆ ಪಂದ್ಯದ ದಿನ ಅದು ಪರಿಚಯವೇ ಇಲ್ಲದ ಹೊಡೆತ. ಅಭ್ಯಾಸದ ಸುತ್ತಿನಲ್ಲೂ ಕಾರ್ಡ್ ಬರೆದು ಜೊತೆಯವರ ಕೈಗೆ ಕೊಡಬೇಕು. ಮೊದಲ ಟೀಯಲ್ಲಿ ಡ್ರೈವರ್ ಹಿಡಿಯಲೇಬೇಕೆಂಬ ಹಟ ಬೇಡ. ಕೈ ನಡುಗುವಾಗ ನಂಬಿಕೆಯಿರುವ ಚಿಕ್ಕ ಕ್ಲಬ್ ಸಾಕು. ಪ್ರತಿ ಹೊಡೆತಕ್ಕೂ ಮುನ್ನ ಒಂದೇ ಕ್ರಮ: ಹಿಂದೆ ನಿಂತು ಗುರಿ ನೋಡುವುದು, ಒಮ್ಮೆ ಬೀಸಿ ನೋಡುವುದು, ಉಸಿರು ಬಿಡುವುದು, ಹೊಡೆಯುವುದು. ಮನಸ್ಸು ಎಲ್ಲೆಲ್ಲಿ ಓಡಿದರೂ ಮೈಗೆ ಮುಂದಿನ ಹೆಜ್ಜೆ ಗೊತ್ತಿರುತ್ತದೆ. ನಡುವಿನ ನಡಿಗೆಯಲ್ಲಿ ಅಂಕಿ ಕೂಡುವುದು ಬೇಡ. ಮರ, ಹಕ್ಕಿ, ಜೊತೆಯವರ ಮಾತು ಇದ್ದೇ ಇವೆ.

ಇಷ್ಟು ಮಾಡಿದರೂ ನಡುಕ ಬರುತ್ತದೆ, ಬರಲಿ. ಜೋನ್ಸ್‌ಗೇ ಬಿಡದ್ದು ನಮ್ಮನ್ನು ಬಿಡಬೇಕೆಂದು ಕೇಳುವುದು ನ್ಯಾಯವಲ್ಲ. ಪ್ರೀತಿಯಿಲ್ಲದ ಕೆಲಸದಲ್ಲಿ ಕೈ ನಡುಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಮಧ್ಯವಯಸ್ಸು ದಾಟಿದವರ ಬದುಕಿನಲ್ಲಿ ಶುದ್ಧವಾದ ಲೆಕ್ಕ ಅಪರೂಪ. ಆಫೀಸಿನಲ್ಲಿ ತಪ್ಪಾದರೆ ಮಾರುಕಟ್ಟೆಯನ್ನು ದೂರಬಹುದು, ಮನೆಯಲ್ಲಿ ತಪ್ಪಾದರೆ ಕಾಲವನ್ನು ದೂರಬಹುದು. ಸ್ಥಾನ, ಸಂಬಳ, ವಯಸ್ಸು ಎಲ್ಲವೂ ನಮಗೆ ಗಿಮ್ಮಿ ಕೊಡುತ್ತಲೇ ಇರುತ್ತವೆ. ಪಡೆದು ಪಡೆದು ನಿಜವಾಗಿ ನಮ್ಮ ಕೈಯಲ್ಲಿ ಎಷ್ಟಿದೆ ಎಂಬುದೇ ಮರೆತುಹೋಗುತ್ತದೆ. ಯಾರ ಬಲವಂತವೂ ಇಲ್ಲದೆ, ಅಂಪೈರ್ ಬೆನ್ನಿಗಿಲ್ಲದ ಆಟವೊಂದಕ್ಕೆ ಹೆಸರು ಕೊಟ್ಟು, ತನ್ನ ಹೊಡೆತಗಳನ್ನು ತಾನೇ ಎಣಿಸಿ, ಕೆಳಗೆ ಸಹಿ ಹಾಕುವುದು ದೊಡ್ಡ ಕೆಲಸವೆಂದು ನಾನು ನಂಬುತ್ತೇನೆ. ಮುಂದಿನ ಪಂದ್ಯಕ್ಕೆ ಹೋಗುವವರು ‘ನಡುಗಬಾರದು’ ಎಂಬ ಸಂಕಲ್ಪ ಮಾಡಬೇಕಿಲ್ಲ. ಅದು ನಮ್ಮ ಕೈಯಲ್ಲಿಲ್ಲ. ಎಷ್ಟು ಬಂದರೆ ಅಷ್ಟನ್ನೇ ಬರೆಯುತ್ತೇನೆ, ಹದಿನೆಂಟೂ ಮುಗಿಸಿಯೇ ಬರುತ್ತೇನೆ ಎಂಬ ಸಂಕಲ್ಪವೊಂದು ಸಾಕು. ಬರಲಿರುವ ಅಂಕಿಯನ್ನು ಹೊರಡುವ ಮೊದಲೇ ಒಪ್ಪಿಕೊಂಡವನ ಬಳಿ ಒತ್ತಡ ಕಿತ್ತುಕೊಳ್ಳಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ.