ಎಲ್ಲೆಯಾಚೆಯ ಮಾತಿಗೆ ಎಲ್ಲೆಯೊಳಗಿನ ದಂಡ

ನೆರೆಹೊಲದವನು ತನ್ನ ಬದುವಿನೊಳಗೆ ಹಚ್ಚಿದ ಬೆಂಕಿಯ ಕಿಡಿ ಗಾಳಿಗೆ ಹಾರಿ ತಮ್ಮ ಬಣವೆಗೆ ತಗುಲಿದರೆ ತಾವು ಯಾರನ್ನು ಹೊಣೆ ಮಾಡುವಿರಿ? ಅವನ ನೆಲದಲ್ಲಿ ಅವನು ಬೆಂಕಿ ಹಚ್ಚಿದುದು ತಪ್ಪಲ್ಲ. ತಮ್ಮ ಬಣವೆ ಸುಟ್ಟುದೂ ಸುಳ್ಳಲ್ಲ. ಪರದೇಶದ ಜಾಲತಾಣವೊಂದು ತನ್ನ ನೆಲದ ಕಾನೂನಿಗೆ ಸಮ್ಮತವಾದುದನ್ನೇ ಪ್ರಕಟಿಸಿ, ಅದನ್ನು ಬೇರೊಂದು ದೇಶದ ಪ್ರಜೆ ಮನೆಯಲ್ಲಿ ಕುಳಿತು ನೋಡಿದಾಗ, ಆ ಪ್ರಜೆಯ ಸರ್ಕಾರವು ತಾಣವನ್ನು ದಂಡಿಸಬಹುದೇ ಎಂಬ ಪ್ರಶ್ನೆಯೂ ಇಂತಹುದೇ.

2000ದಲ್ಲಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ನಡೆದ ಯಾಹೂ ಮೊಕದ್ದಮೆಯನ್ನು ಇಲ್ಲಿ ಸ್ಮರಿಸಬೇಕು. ಅಮೆರಿಕದ ಆ ಸಂಸ್ಥೆಯ ಹರಾಜುಕಟ್ಟೆಯಲ್ಲಿ ನಾಜಿಗಳ ಲಾಂಛನಗಳೂ ಪದಕಗಳೂ ಮಾರಾಟಕ್ಕಿದ್ದವು. ಅಮೆರಿಕದಲ್ಲಿ ಅದು ಅಪರಾಧವಲ್ಲ. ಆದರೆ ಫ್ರಾನ್ಸಿನಿಂದ ಸುಮಾರು 76,000 ಯೆಹೂದ್ಯರನ್ನು ನಾಜಿಗಳ ಶಿಬಿರಗಳಿಗೆ ಸಾಗಿಸಲಾಗಿತ್ತು, ಮರಳಿದವರು ಅತ್ಯಲ್ಪ. ಅಂತಹ ಲಾಂಛನಗಳ ಪ್ರದರ್ಶನವನ್ನು ಅಲ್ಲಿಯ ಕಾನೂನು ನಿಷೇಧಿಸಿದೆ. ತನ್ನವರನ್ನು ಕಳೆದುಕೊಂಡ ಮನೆಯವನಿಗೆ ಆ ಪದಕ ಕೇವಲ ಹಳೆಯ ಸಾಮಾನಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಡುವವನೇ ನಮ್ಮಲ್ಲಿಗೆ ಅರಸಿ ಬರುತ್ತಾನೆ, ನಾವು ಅವನ ಮನೆಗೆ ಹೋಗಿಲ್ಲ. ಬಂದವನು ಯಾವ ದೇಶದವನೆಂದು ನಾವು ಅರಿಯುವುದೂ ಸಾಧ್ಯವಿಲ್ಲ—ಇದು ಸಂಸ್ಥೆಯ ವಾದ. ಕಿಡಿಯ ಉಪಮೆ ಇಲ್ಲಿ ಕುಂಟುತ್ತದೆ, ಒಪ್ಪಬೇಕು. ಆದರೆ ನ್ಯಾಯಾಧೀಶ ಗೋಮೆಜ್ ಅವರು ಒಂದು ಅಂಶವನ್ನು ಎತ್ತಿ ತೋರಿದರು: ಫ್ರಾನ್ಸಿನಿಂದ ಇಣುಕಿದವರಿಗೆ ಅದೇ ತಾಣ ಫ್ರೆಂಚ್ ಭಾಷೆಯ ಜಾಹೀರಾತುಗಳನ್ನು ಬಡಿಸುತ್ತಿತ್ತು! ಲಾಭ ಎಣಿಸುವಾಗ ಗಿರಾಕಿಯ ಗುರುತು ಸಿಕ್ಕುವುದು, ಹೊಣೆ ಹೊರುವಾಗ ಸಿಕ್ಕದು ಎಂದರೆ ನಂಬುವುದೆಂತು? ಬಂದವರಲ್ಲಿ ಸುಮಾರು ಶೇ. 70 ಮಂದಿ ಫ್ರೆಂಚರನ್ನು ಗುರುತಿಸಬಹುದೆಂದು ತಜ್ಞರು ವರದಿಯಿತ್ತರು. ನವೆಂಬರಿನಲ್ಲಿ ನ್ಯಾಯಾಲಯವು ಮೂರು ತಿಂಗಳ ಗಡುವು ನೀಡಿ, ಮೀರಿದರೆ ದಿನಕ್ಕೆ 1,00,000 ಫ್ರಾಂಕ್ ದಂಡವೆಂದು ಆಜ್ಞಾಪಿಸಿತು. 2001ರ ಜನವರಿಯಲ್ಲಿ ಸಂಸ್ಥೆ ಆ ವಸ್ತುಗಳನ್ನು ಹರಾಜಿನಿಂದ ತೆಗೆಯಿತು. ಆಜ್ಞೆಗೆ ಮಣಿದುದರಿಂದಲ್ಲ ಎಂದೂ ಸಾರಿತು. ಅದೇ ವರ್ಷ ಅಮೆರಿಕದ ನ್ಯಾಯಾಧೀಶ ಫೋಗೆಲ್ ಅವರು, ತಮ್ಮ ಸಂವಿಧಾನದ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವಾದ ಆ ಆಜ್ಞೆ ತಮ್ಮ ನೆಲದಲ್ಲಿ ಜಾರಿಯಾಗದೆಂದರು. 2006ರಲ್ಲಿ ಮೇಲಿನ ನ್ಯಾಯಾಲಯ ಮೂಲಪ್ರಶ್ನೆಯನ್ನು ತೀರ್ಮಾನಿಸದೆಯೇ ಪ್ರಕರಣವನ್ನು ವಜಾ ಮಾಡಿತು.

ನನ್ನ ಮಟ್ಟಿಗೆ ಗೋಮೆಜ್ ಅವರ ತೀರ್ಪು ನ್ಯಾಯವೆಂದೇ ತೋರುತ್ತದೆ, ಅದು ಫ್ರಾನ್ಸಿನ ನೋಡುಗರಿಗೆ ಮಾತ್ರ ಸೀಮಿತವಾಗಿರುವಷ್ಟು ಮಟ್ಟಿಗೆ. ಒಂದು ನಾಡಿನತ್ತ ಮುಖ ಮಾಡಿ ಸಂಪಾದಿಸುವವನು ಆ ನಾಡಿನ ಕಟ್ಟಳೆಗೆ ಹೊರತಲ್ಲ. ಆದರೆ ನಮ್ಮವರು ನೋಡಬಾರದು ಎನ್ನುವುದು ಬೇರೆ, ಜಗತ್ತೇ ನೋಡಬಾರದು ಎನ್ನುವುದು ಬೇರೆ. ಎರಡನೆಯದನ್ನು ಒಪ್ಪಿದರೆ, ತನ್ನ ಟೀಕಾಕಾರರ ಬಾಯಿ ಮುಚ್ಚಿಸಬಯಸುವ ಯಾವ ನಿರಂಕುಶ ಪ್ರಭುವೂ ಅದೇ ಹಕ್ಕನ್ನು ಕೇಳುವನು. ಕಡೆಗೆ ಅತ್ಯಂತ ಬಿಗಿಯಾದ ಕಾನೂನೇ ಎಲ್ಲರ ಕಾನೂನಾದೀತು. ಹೆಸರುಗಳನ್ನು ವಿಶ್ವದೆಲ್ಲೆಡೆ ಅಳಿಸಲಿಲ್ಲವೆಂದು ಗೂಗಲ್ ಸಂಸ್ಥೆಗೆ ಫ್ರಾನ್ಸಿನ ಪ್ರಾಧಿಕಾರ 2016ರಲ್ಲಿ 1,00,000 ಯೂರೋ ದಂಡ ಹಾಕಿದಾಗ, ಐರೋಪ್ಯ ನ್ಯಾಯಾಲಯವು 2019ರಲ್ಲಿ, ಒಕ್ಕೂಟದ ಎಲ್ಲೆಯಾಚೆಗೂ ಅಳಿಸಬೇಕೆಂದು ಐರೋಪ್ಯ ಕಾನೂನು ವಿಧಿಸುವುದಿಲ್ಲವೆಂದಿತು.

ವಸೂಲಿಯ ಮಾತು ಬೇರೆಯೇ. 2025ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಅಮೆರಿಕದ ಫೋರ್‌ಚಾನ್ ಎಂಬ ತಾಣಕ್ಕೆ 20,000 ಪೌಂಡು ದಂಡ ವಿಧಿಸಿತು. ಬ್ರಿಟನ್ನಿಗೆ ತನ್ನ ಮೇಲೆ ಅಧಿಕಾರವೇ ಇಲ್ಲವೆಂಬುದು ತಾಣದ ನಿಲುವು. ಅಂಥವರಿಂದ ಹಣ ಬಾರದಾದಾಗ ಸರ್ಕಾರಗಳಿಗೆ ಉಳಿಯುವ ದಾರಿ ತಾಣವನ್ನು ತಡೆಗಟ್ಟುವುದು. ಆಗ ದಂಡ ತೆರುವವನು ತನ್ನದೇ ಪ್ರಜೆ.

ಇದು ದೂರದ ಸಂಗತಿಯೆಂದು ಭಾವಿಸದಿರಿ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 75ನೆಯ ಕಲಮು, ಭಾರತದಲ್ಲಿರುವ ಗಣಕಯಂತ್ರಕ್ಕೆ ಸಂಬಂಧಿಸಿದ್ದಾದರೆ, ಹೊರದೇಶದಲ್ಲಿ ಯಾವ ರಾಷ್ಟ್ರದವನು ಎಸಗಿದ ಅಪರಾಧಕ್ಕೂ ಕೈಚಾಚುತ್ತದೆ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ಪರದೇಶದಲ್ಲಿ ನೆಲೆಸಿ ಕನ್ನಡದಲ್ಲಿ ಬರೆಯುತ್ತಿರುವ ಮಿತ್ರರು ಈ ಲೇಖನವನ್ನು ಓದುತ್ತಿರಬಹುದು. ಅವರ ಒಂದು ಬರಹ ಇಲ್ಲಿ ಒಬ್ಬರನ್ನು ನೋಯಿಸಿದರೆ ಯಾವ ನಾಡಿನ ನ್ಯಾಯಪೀಠ ತಮ್ಮನ್ನು ವಿಚಾರಿಸಲೆಂದು ಅವರು ಬಯಸುವರು? ಅದನ್ನು ಅವರೇ ಪತ್ರಮುಖೇನ ತಿಳಿಸಲೆಂದು ಕೋರುತ್ತೇನೆ.