ಸಂತೋಷದ ಬೆನ್ನು

ಒಬ್ಬನ ಸಂತೋಷ ಎಲ್ಲಿಯವರೆಗೆ ಅವನದು? ಎಲ್ಲಿಂದಾಚೆಗೆ ಅದು ಪರರಿಗೆ ಹೊರೆ? ನೀತಿಗ್ರಂಥಗಳಲ್ಲಿ ಚರ್ಚೆಯಾಗುವ ಈ ಪ್ರಶ್ನೆಯನ್ನು ಒಂದು ಮರದ ಪೆಟ್ಟಿಗೆಯ ಮೇಲಿಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆಂದು ನನ್ನ ಎಣಿಕೆ.

ಪೆಟ್ಟಿಗೆಯೆಂದರೆ ಕಾರಿನ ಡಿಕ್ಕಿಯಲ್ಲಿ ಕೂರಿಸುವ ಸಬ್‌ವೂಫರಿನ ಪೆಟ್ಟಿಗೆ. ಸಬ್‌ವೂಫರು ತಗ್ಗು ನಾದಕ್ಕೆಂದೇ ಮಾಡಿದ ದೊಡ್ಡ ಸ್ಪೀಕರು. ಅದರ ಕೋನು ಮುಂದಕ್ಕೆ ನುಗ್ಗಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಬೆನ್ನ ಹಿಂದಿನ ಗಾಳಿ ತೆಳುವಾಗುತ್ತದೆ. ಸೆಕೆಂಡಿಗೆ 40 ಸಲ ಕಂಪಿಸುವ ನಾದದ ಒಂದೊಂದು ಅಲೆಯೂ ಸುಮಾರು ಎಂಟೂವರೆ ಮೀಟರು ಉದ್ದ. ಅಂಥ ಅಲೆಗೆ ಸ್ಪೀಕರಿನ ಅಂಚನ್ನು ಬಳಸಿಕೊಂಡು ಹಿಂದಿನಿಂದ ಮುಂದಕ್ಕೆ ಬರುವುದೇನು ಕಷ್ಟ? ಬಂದು, ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಪೆಟ್ಟಿಗೆ ಹುಟ್ಟಿದ್ದು ಈ ಬೆನ್ನಿನ ಸದ್ದಿಗೆ ಒಂದು ವ್ಯವಸ್ಥೆ ಮಾಡುವುದಕ್ಕಾಗಿ.

ವ್ಯವಸ್ಥೆ ಎರಡು ಬಗೆ. ಪೂರ್ತಿ ಮುಚ್ಚುವುದು ಒಂದು. ಒಳಗೆ ಸಿಕ್ಕಿದ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದು ನಿಲ್ಲಿಸುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ಈ ಗುಣವನ್ನೇ ದುಡಿಸಿಕೊಂಡು ಸ್ಪೀಕರು ಮಾಡಿದರು. ಒಂದು ಕಿಂಡಿ ಬಿಟ್ಟು, ಹಿಂದಿನ ಅಲೆಯನ್ನು ಮಗುಚಿ, ಮುಂದಿನದರ ಜತೆ ಸೇರಿಸುವುದು ಇನ್ನೊಂದು. ಇದಕ್ಕೆ 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಲೆಕ್ಕ ಕಟ್ಟಿದರು; 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು.

ಈಚೆಗೆ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ ಅಕ್ಕನ ಮಗ ಇಂಥ ಪೆಟ್ಟಿಗೆ ಮಾಡುವುದನ್ನು ಕಂಡೆ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿಯುವ ಹುಡುಗ. ಸಂಜೆ ಹದಿನೆಂಟು ಮಿಲಿಮೀಟರಿನ ಪ್ಲೈವುಡ್ಡನ್ನು ಅಳೆದು ಕೊಯ್ಯುತ್ತಿದ್ದ. ಒಳಗಾತ್ರದಲ್ಲಿ ಸ್ಪೀಕರಿನ ಬೆನ್ನು ಹಿಡಿಯುವ ಜಾಗವನ್ನೂ ಕಿಂಡಿಯ ಕೊಳವೆ ಹಿಡಿಯುವ ಜಾಗವನ್ನೂ ಕಳೆದಿದ್ದ. ವೀಣೆಯ ಕೊಡ ನುಡಿಯಬೇಕು. ಈ ಪೆಟ್ಟಿಗೆ ನುಡಿಯಲೇಬಾರದು. ಅದಕ್ಕಾಗಿ ಒಳಗೆ ಅಡ್ಡಪಟ್ಟಿ ಕೊಟ್ಟು, ಸಂದುಗಳಿಗೆಲ್ಲ ಅಂಟು ಮೆತ್ತಿದ್ದ.

“ಹೊರಗೆ ಎಷ್ಟು ಕೇಳುತ್ತೆ ಅನ್ನೋದಕ್ಕೂ ಲೆಕ್ಕ ಇದೆಯೇನಪ್ಪ?” ಎಂದೆ.

“ಗಾಜು ಏರಿಸ್ಕೋತೀನಿ ಮಾವ, ಯಾರಿಗೇನು ತೊಂದ್ರೆ?” ಎಂದ.

ಅವನು ಕೇಡಿಗನಲ್ಲ, ಅವನ ಸಂತೋಷ ಸುಳ್ಳೂ ಅಲ್ಲ. ಆದರೆ ಗಾಜಿಗೆ ಒಂದು ಪಕ್ಷಪಾತವಿದೆ. ಏರುಸ್ವರಗಳನ್ನು ಅದು ತಡೆಯುತ್ತದೆ, ತಗ್ಗುಸ್ವರಗಳನ್ನು ದಾಟಿಸುತ್ತದೆ. ಸಾಹಿತ್ಯವೂ ರಾಗವೂ ಕಾರಿನಲ್ಲೇ ಉಳಿದು, ಬರಿಯ ಗುದ್ದು ಬೀದಿಗೆ ಬರುತ್ತದೆ. ಹಾಡು ಹುಡುಗನಿಗೆ, ಆಗತಾನೆ ಕೂಸನ್ನು ಮಲಗಿಸಿದ ಬಾಣಂತಿಗೆ ಅದರ ಬೆನ್ನು.

ಕಾನೂನಿಲ್ಲವೆ ಎನ್ನಬಹುದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಆದರೆ ಅದನ್ನು ಅಳೆಯುವ ಮಾನ ಮನುಷ್ಯನ ಕಿವಿಯನ್ನು ಅನುಸರಿಸಿದ್ದು. ತಗ್ಗು ನಾದಕ್ಕೆ ಕಿವಿ ಮಂದವಾದ್ದರಿಂದ, 40 ಕಂಪನದ ನಾದಕ್ಕೆ ಮಾಪಕವೂ ಸುಮಾರು 34 ಡೆಸಿಬಲ್ ರಿಯಾಯಿತಿ ಕೊಡುತ್ತದೆ. ಗುದ್ದನ್ನು ಕೇಳುವುದು ಕಿವಿಯೊಂದೇ ಏನು? ಕಿಟಕಿ ಕೇಳುತ್ತದೆ, ಪಾತ್ರೆ ಕೇಳುತ್ತದೆ, ಎದೆಗೂಡು ಕೇಳುತ್ತದೆ. ಮಾಪಕ ನಿರಪರಾಧಿಯೆಂದ ಮೇಲೂ ಕೂಸು ಎಚ್ಚರಗೊಂಡಿರಬಹುದು. ಕಾನೂನಿನ ಕಿವಿ ಮುಗಿಯುವ ಈ ಎಡೆಯಲ್ಲೇ ಧರ್ಮದ ಕೆಲಸ ಮೊದಲಾಗುತ್ತದೆ.

ಹಬ್ಬದ ತಮಟೆಯೂ ಎದೆಗೆ ಬಡಿಯುವುದಿಲ್ಲವೆ? ನಿಜ. ಆದರೆ ಅದಕ್ಕೊಂದು ದಿನವುಂಟು, ಕೊನೆಯುಂಟು, ಊರಿನ ಒಪ್ಪಿಗೆಯುಂಟು. ಸಾವಾದ ಮನೆಯ ಮುಂದೆ ವಾಲಗದವರು ವಾದ್ಯ ನಿಲ್ಲಿಸಿ ಹಾಯುವುದನ್ನು ನಾನು ಕಂಡಿದ್ದೇನೆ. ಅವರ ಕೈಯಲ್ಲಿ ಮಾಪಕವಿರಲಿಲ್ಲ; ಗೋಡೆಯಾಚೆ ಯಾರಿದ್ದಾರೆಂಬ ನೆನಪಿತ್ತು.

ಪೆಟ್ಟಿಗೆಯ ವಿದ್ಯೆ ಕಲಿಸುವ ನೀತಿ ಇಷ್ಟೆ: ಮುಂದೆ ನುಡಿದದ್ದಕ್ಕೆಲ್ಲ ಹಿಂದೆಯೂ ಒಂದು ನುಡಿ ಇರುತ್ತದೆ, ಅದಕ್ಕೂ ನಾವೇ ಹೊಣೆ. ಒಳ್ಳೆಯ ಕಸಬುದಾರ ‘ಬೆನ್ನಿನ ಸದ್ದು ನನ್ನದಲ್ಲ’ ಎನ್ನುವುದಿಲ್ಲ. ತನ್ನ ಶ್ರಮದ ಬಹುಪಾಲನ್ನು ಅದಕ್ಕೇ ಕೊಡುತ್ತಾನೆ. ಆ ಲೆಕ್ಕವನ್ನು ಪ್ಲೈವುಡ್ಡಿನ ಹಲಗೆಗೇ ನಿಲ್ಲಿಸದೆ ನೆರೆಮನೆಯ ಗೋಡೆಯವರೆಗೂ ಒಯ್ದರೆ, ಸದ್ದನ್ನು ಎಲ್ಲಿ ತಗ್ಗಿಸಬೇಕೆಂದು ಯಾವ ನಿಯಮವೂ ಹೇಳಬೇಕಾಗಿಲ್ಲ.