ಇಂದಿನ ಧಮ್ಮ ಚಿಂತನೆ: ಕಚ್ಚಿಕೊಂಡ ಹೆಡ್ಡು, ಬಿಡಿಸುವ ಕೈ



ಅಷ್ಟಾಂಗ ಮಾರ್ಗದ ಆರನೆಯ ಅಂಗ ಸಮ್ಮಾ ವಾಯಾಮ, ಅಂದರೆ ಸಮ್ಯಕ್ ಪ್ರಯತ್ನ. ಪ್ರಯತ್ನ ಎಂದರೆ ಬಲ ಹಾಕುವುದು ಎಂದೇ ನಾವು ತಿಳಿಯುತ್ತೇವೆ. ಆದರೆ ಭಗವಾನ್ ಬುದ್ಧರು ಆ ಪದದ ಹಿಂದೆ ‘ಸಮ್ಮಾ’ ಎಂದು ಸುಮ್ಮನೆ ಸೇರಿಸಲಿಲ್ಲ. ನಡೆದು ನಡೆದು ಅಂಗಾಲು ಒಡೆದುಕೊಂಡ ಸೋಣ ಭಿಕ್ಖುವಿಗೆ ಅವರು ವೀಣೆಯ ತಂತಿಯನ್ನು ನೆನಪಿಸಿದರು. ಬಿಗಿ ಹೆಚ್ಚಾದರೂ ನಾದವಿಲ್ಲ, ಸಡಿಲವಾದರೂ ನಾದವಿಲ್ಲ.

ಮಧುಗಿರಿಯ ಒಂದು ಗ್ಯಾರೇಜಿನಲ್ಲಿ ಇದನ್ನೇ ಕಣ್ಣಾರೆ ಕಂಡೆ. ನಮ್ಮ ಚಿಕ್ಕಪ್ಪನ ಹಳೆಯ ಯೆಜ್ಡಿ ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿತ್ತು. ಅದನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ನಟ್ಟುಗಳನ್ನೆಲ್ಲ ಬಿಚ್ಚಿದರೂ ಸಿಲಿಂಡರ್ ಹೆಡ್ಡು ಅಲುಗಲಿಲ್ಲ. ಕೆಲಸದ ಹುಡುಗ ಸಂದಿಗೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಲು ಹೋದ. ಮೇಸ್ತ್ರಿ ತಡೆದರು: “ಅಲ್ಯೂಮಿನಿಯಂ ಕಣೋ ಅದು. ಕೂರೋ ಜಾಗದಲ್ಲಿ ಗೀರು ಬಿದ್ರೆ ಕಂಪ್ರೆಷನ್ ಸೋರುತ್ತೆ.” ಸ್ಟಡ್ಡುಗಳ ಸುತ್ತ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಟ್ಟರು. ಮರುದಿನ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರು. ಏಳಲಿಲ್ಲ. ಮತ್ತೆ ಎಣ್ಣೆ, ಮತ್ತೆ ತಟ್ಟು. ಕೊನೆಗೆ ನಟ್ಟುಗಳನ್ನು ಎರಡು ಮೂರು ಸುತ್ತು ಮಾತ್ರ ಕೂರಿಸಿ, ಪ್ಲಗ್ಗು ಬಿಗಿದು, ಅದರ ವೈರು ಕಳಚಿಟ್ಟು ಕಿಕ್ ಹೊಡೆದರು. ಒಳಗಿನ ಗಾಳಿಯ ಒತ್ತಡಕ್ಕೆ ಹೆಡ್ಡು ಕಚ್ಚು ಬಿಟ್ಟಿತು.

ನಮ್ಮ ವಲಯಕ್ಕೆ ಬರುವ ಪಾವಗಡ ಕಡೆಯ ಯುವಕನೊಬ್ಬ ದೀಕ್ಷೆ ಪಡೆದ ವಾರದಲ್ಲೇ ತಾಯಿಯ ಮಾರಮ್ಮನ ಪಟವನ್ನು ಹೊರಗೆಸೆದ. ಮಗಳ ಮನೆಗೆ ಹೋದ ತಾಯಿ ಇನ್ನೂ ಬಂದಿಲ್ಲ. “ಪ್ರತಿಜ್ಞೆ ಮಾಡಿದ್ದೀನಿ ಸಾರ್, ಇದರಲ್ಲಿ ತಪ್ಪೇನು?” ಎಂದು ಕೇಳುತ್ತಾನೆ.

ಬಾಬಾಸಾಹೇಬರು 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳನ್ನು ಮತ್ತೊಮ್ಮೆ ಓದೋಣ. ಅಲ್ಲಿ ಮಾತಾಡುವವನು ‘ನಾನು’. ನಾನು ಪೂಜಿಸುವುದಿಲ್ಲ, ನಾನು ನಂಬುವುದಿಲ್ಲ. ತಾಯಿಯ ಪರವಾಗಿ ಮಗ ಮಾಡುವ ಪ್ರತಿಜ್ಞೆ ಅಲ್ಲಿ ಒಂದೂ ಇಲ್ಲ. 1935ರಲ್ಲಿ ಯೇವಲಾದಲ್ಲಿ ಘೋಷಣೆ ಮಾಡಿದ ಬಾಬಾಸಾಹೇಬರು ಓದಿ, ವಿಚಾರಿಸಿ, ಜನರನ್ನು ಸಿದ್ಧಗೊಳಿಸಿ 21 ವರ್ಷಗಳ ನಂತರ ದೀಕ್ಷೆ ಪಡೆದರು. ಆತುರಪಡಲಿಲ್ಲ, ಕೊಟ್ಟ ಮಾತಿನಿಂದ ಹಿಂದೆಯೂ ಸರಿಯಲಿಲ್ಲ.

ತಾಳ್ಮೆ ಎಂದರೆ ಜಾತಿಯ ಮುಂದೆ ತಲೆಬಾಗುವುದಲ್ಲ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡುವವನಿಗೆ ಎಣ್ಣೆ ಬಿಟ್ಟು ಕಾಯುವ ಅಗತ್ಯವಿಲ್ಲ. ಅಲ್ಲಿ ಕಾನೂನಿದೆ, ದೂರು ಕೊಡಬೇಕು. ಆದರೆ ತಾಯಿ ನಮ್ಮ ಶತ್ರುವಲ್ಲ. ಹಸಿವು, ಕಾಯಿಲೆ, ಅವಮಾನಗಳ ನಡುವೆ ಯಾರೂ ಕೊಡದ ಧೈರ್ಯವನ್ನು ಆ ಪಟದ ಮುಂದೆ ಹುಡುಕಿಕೊಂಡವಳು. ಆಕೆಯನ್ನು ಮೀಟಿ ಎಬ್ಬಿಸಿದರೆ ಗೀರು ಬೀಳುವುದು ನಮ್ಮ ಮನೆಗೇ.

ಅವನು ಹೋಗಿ ತಾಯಿಯನ್ನು ಕರೆತರಲಿ. ತಾನು ಕೈ ಮುಗಿಯುವುದು ಬೇಡ, ಆಕೆಯ ಕೈ ತಡೆಯುವುದೂ ಬೇಡ. ವಂದನೆಗೆ ಕೂರುವಾಗ ಪಕ್ಕದಲ್ಲಿ ಆಕೆಗೊಂದು ಚಾಪೆ ಹಾಸಲಿ. ಪ್ರಶ್ನೆ ಕೇಳಿದರೆ ಉತ್ತರ ಹೇಳಲಿ. ಮಗ ಕುಡಿತ ಬಿಟ್ಟದ್ದನ್ನು, ಸುಳ್ಳು ಬಿಟ್ಟದ್ದನ್ನು ಆಕೆ ದಿನವೂ ನೋಡಲಿ. ನಮ್ಮ ಪಾಲಿನ ಎಣ್ಣೆ ಇದೇ. ಬಿಡುವ ಬಲ ಆಕೆಯ ಒಳಗಿನಿಂದಲೇ ಬರಬೇಕು.

ಇಂದಿನ ಅಭ್ಯಾಸ: ಮನೆಯಲ್ಲಿ ಯಾರ ಮೇಲೆ ಬಲ ಹಾಕುತ್ತಿದ್ದೇನೆ? ಯಾವ ಕೆಲಸವನ್ನು ಸಡಿಲ ಬಿಟ್ಟಿದ್ದೇನೆ? ಐದು ನಿಮಿಷ ಕಣ್ಣುಮುಚ್ಚಿ ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙